ಸೊಂಟ ಬಿದ್ದ ನಾಯಿ ಮತ್ತೆ ಎದ್ದೀತೇ?

ಆಲೂರು, ಸಕಲೇಶಪುರದ ಕಡೆ ನಾಯಿ ಇಲ್ಲದ ತೋಟದ ಮನೆ ಸಿಗುವುದು ಕಷ್ಟ. ಗದ್ದೆಗೆ ಹಂದಿ ಇಳಿದರೆ ಮೊದಲು ಗೊತ್ತಾಗುವುದು ಅದಕ್ಕೆ. ರಾತ್ರಿ ಆನೆ ಕಣದ ಹತ್ತಿರ ಬಂದರೂ ನಮ್ಮನ್ನು ಎಬ್ಬಿಸುವುದು ಅದೇ. ಆದರೆ ಅದೇ ನಾಯಿ ಹಂದಿ ತಿವಿದೋ, ಹೆದ್ದಾರಿಯಲ್ಲಿ ಲಾರಿ ತಾಗಿಯೋ ಹಿಂಗಾಲು ಎಳೆದುಕೊಂಡು ಬಂದರೆ 'ಸೊಂಟ ಹೋಯ್ತು, ಇನ್ನೇನಿಲ್ಲ ಬಿಡಿ' ಅಂದುಬಿಡುತ್ತೇವೆ. ಕೆಲವರು ದೂರ ಬಿಟ್ಟು ಬರುವುದೂ ಉಂಟು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹಾಗೆ ಹಸಿವು, ಬಾಯಾರಿಕೆಗೆ ಬಿಟ್ಟು ಬರುವುದು ಅಪರಾಧ. ಕಾಯ್ದೆ ಬರೆದಾಗ ಮೊದಲ ತಪ್ಪಿಗೆ ಇಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ! ದಂಡಕ್ಕೆ ಹೆದರಿ ಯಾರೂ ಸಾಕುವುದಿಲ್ಲ. ಬೇಕಾದ್ದು ತಿಳಿವಳಿಕೆ, ಜೊತೆಗೊಂದಿಷ್ಟು ನೆರವು.

ನಾನು ಕಾಫಿ, ಮೆಣಸು, ಸ್ವಲ್ಪ ಗದ್ದೆ ಮಾಡ್ಕೊಂಡಿರುವವ. ಹಂದಿ ತಿವಿದು ಸೊಂಟ ಬಿದ್ದ ನಮ್ಮ ನಾಯಿ ಏಳು ವಾರದ ಮೇಲೆ ಎದ್ದು ನಿಂತಿತು. ಈಗ ಕುಂಟುತ್ತದೆ, ಆದರೆ ಕಾವಲಿಗೆ ಕೊರತೆ ಇಲ್ಲ. ಹೇಗೆ ಅಂತ ಕೇಳಿದವರಿಗಾಗಿ ಇದು.

ಮೊದಲು ಹುಷಾರು

ಪೆಟ್ಟಿಲ್ಲದೆ ಕಾಲು ಬಿದ್ದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಆಗದಿದ್ದರೆ ಮುಟ್ಟಬೇಡಿ. ಅದು ಹುಚ್ಚುನಾಯಿ ರೋಗ ಇರಬಹುದು. ಈ ರೋಗದಲ್ಲಿ ಎಲ್ಲಾ ನಾಯಿಯೂ ಕಚ್ಚುತ್ತಾ ಓಡುವುದಿಲ್ಲ, ಮಂಕಾಗಿ ಮಲಗುವ ಬಗೆಯೂ ಇದೆ. ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ಪೆಟ್ಟು ಬಿದ್ದ ನಾಯಿಯನ್ನು ಕಾಲು ಹಿಡಿದು ಎತ್ತಬೇಡಿ. ಹಲಗೆ ಮೇಲೆ ಜಾರಿಸಿ ಮಲಗಿಸಿ, ಬಟ್ಟೆಯಿಂದ ಕಟ್ಟಿ ಸಾಗಿಸಿ. ನಾವು ನುಂಗುವ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ವಿಷವಾಗಬಹುದು. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಸಾವೇ.

ಆಸೆ ಇದೆಯೇ?

ಡಾಕ್ಟರು ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಒತ್ತಿ ನೋಡುತ್ತಾರೆ. ಕಾಲು ಎಳೆದುಕೊಂಡರೆ ಮಾತ್ರ ಸಾಲದು, ಅದು ತನ್ನಷ್ಟಕ್ಕೆ ಆಗುವ ಚಲನೆ. ನಾಯಿ ತಿರುಗಿ ನೋಡಬೇಕು ಅಥವಾ ಕುಂಯ್ ಅನ್ನಬೇಕು. ಹಾಗಾದರೆ ನೋವು ಮಿದುಳಿಗೆ ಮುಟ್ಟುತ್ತಿದೆ, ಆಸೆ ಇದೆ. ಏನೂ ಗೊತ್ತಾಗದಿದ್ದರೆ ನಡೆಯುವ ಸಾಧ್ಯತೆ ತೀರಾ ಕಡಿಮೆ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಮುರಿದದ್ದು ಕಂಡರೆ ಡಾಕ್ಟರು ಹೇಳುವ ತನಕ ವ್ಯಾಯಾಮ ಬೇಡ.

ಇಷ್ಟು ದಿನ ಯಾಕೆ ಬೇಕು? ಕಾಲಿನ ನರ ಕಡಿದರೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಅಷ್ಟರಲ್ಲಿ ಕೆಲಸವಿಲ್ಲದ ಮಾಂಸಖಂಡ ಸೊರಗುತ್ತದೆ, ಕೀಲು ಬಿಗಿಯುತ್ತದೆ. ನರ ಬಂದರೂ ಕಾಲು ತಯಾರಿರುವುದಿಲ್ಲ. ಆರೈಕೆ ಎಂದರೆ ನರ ಬರುವ ತನಕ ಕಾಲನ್ನು ಕಾಯ್ದಿಡುವುದು.

ಮನೆಯ ಆರೈಕೆ

ಮೂರ್ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಸೊಂಟದ ಮೂಳೆ ಒತ್ತಿ ಹುಣ್ಣಾಗುತ್ತದೆ. ಕೆಳಗೆ ದಪ್ಪ ಹುಲ್ಲು, ಮೇಲೆ ಹಳೇ ಕಂಬಳಿ ಸಾಕು. ನಮ್ಮ ಮಳೆಗಾಲದಲ್ಲಿ ಹಾಸು ಒದ್ದೆಯಾದರೆ ನೊಣ ಕೂತು ಹುಳ ಬೀಳುತ್ತದೆ. ದಿನಾ ಬದಲಿಸಿ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಉಚ್ಚೆಯ ವಿಷಯ. ಸೊಂಟ ಬಿದ್ದ ನಾಯಿ ತಾನಾಗಿ ಉಚ್ಚೆ ಹುಯ್ಯಲಾರದು. ತೊಟ್ಟಿಕ್ಕುವುದು ಕಂಡು 'ಹುಯ್ತಿದೆಯಲ್ಲ' ಅಂದುಕೊಳ್ಳಬೇಡಿ, ಅದು ತುಂಬಿ ಚೆಲ್ಲುವುದು. ಹೊಟ್ಟೆಯ ಎರಡೂ ಕಡೆ ಅಂಗೈ ಇಟ್ಟು ದಿನಕ್ಕೆ ಮೂರು ಸಲ ಮೆಲ್ಲಗೆ ಒತ್ತಿ ಖಾಲಿ ಮಾಡಬೇಕು. ಡಾಕ್ಟರ ಕೈಯಿಂದಲೇ ಇದನ್ನು ಕಲಿಯಿರಿ.

ಆಮೇಲೆ ವ್ಯಾಯಾಮ. ಮಲಗಿಸಿ ಒಂದೊಂದೇ ಕಾಲನ್ನು ಸೈಕಲ್ ತುಳಿದ ಹಾಗೆ ಹತ್ತು ಹದಿನೈದು ಸಲ ಮಡಚಿ ಬಿಡಿಸಿ, ದಿನಕ್ಕೆ ಮೂರು ಹೊತ್ತು. ನಂತರ ಹೊಟ್ಟೆ ಕೆಳಗೆ ಟವಲು ಹಾಕಿ ಎತ್ತಿ ಹಿಡಿದು ನಿಲ್ಲಿಸಿ. ಗಾಯ ಒಣಗಿದ ಮೇಲೆ, ಬಿಸಿಲಿದ್ದ ದಿನ, ಕೆರೆಯಲ್ಲಿ ಕೈಯಾಸರೆ ಕೊಟ್ಟು ಐದು ನಿಮಿಷ ಈಜಿಸಿ. ನೀರು ಮೈಭಾರ ಹೊರುವುದರಿಂದ ಸೋತ ಕಾಲೂ ಆಡುತ್ತದೆ.

ಕಾಲು ಬಾರದೇ ಹೋದರೆ ಗಾಲಿಬಂಡಿ ಇದೆ. ಪಿವಿಸಿ ಪೈಪಿನ ಚೌಕಟ್ಟು, ಮಕ್ಕಳ ಹಳೇ ಸೈಕಲ್ಲಿನ ಎರಡು ಗಾಲಿ, ಸೊಂಟ ಹೊರಲು ಬಟ್ಟೆಪಟ್ಟಿ. ಬೆನ್ನು ಸಮವಾಗಿರಬೇಕು. ಮೊದಮೊದಲು ಹತ್ತು ನಿಮಿಷ ಸಾಕು. ಬಂಡಿಯಲ್ಲೇ ಮಲಗಲು ಬಿಡಬೇಡಿ.

ಧರ್ಮದ ನೆರವು ಎಲ್ಲಿದೆ?

ಬೆಂಗಳೂರಿನ 'ಕೂಪಾ' ಸಂಸ್ಥೆಯನ್ನು ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಮಹಿಳೆ 1991ರಲ್ಲಿ ಇಳಿವಯಸ್ಸಿನಲ್ಲಿ ಕಟ್ಟಿದರು. ಮಂಗಳೂರಿನ ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟ್ ಇದೆ. ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಕಾಲು ಕಳಕೊಂಡ ದನಗಳಿಗೆ 'ಕೃಷ್ಣಾ ಲಿಂಬ್' ಎಂಬ ಕೃತಕ ಕಾಲು ಮಾಡಿ ಉಚಿತವಾಗಿ ತೊಡಿಸಿದ್ದಾರೆ. ನಮ್ಮಲ್ಲಿ ದನಕ್ಕೆ ಪೆಟ್ಟಾದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ಗಾಡಿ ಬರುತ್ತದೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಸಕಲೇಶಪುರದಿಂದ 40 ಕಿಲೋಮೀಟರ್ ಆಸುಪಾಸು.

ಆದರೆ ಬೆಂಗಳೂರು ನಮಗೆ 200 ಕಿಲೋಮೀಟರ್‌ಗೂ ದೂರ. ಅಲ್ಲಿನ ಸಂಸ್ಥೆ ಎಷ್ಟು ನಾಯಿಯನ್ನು ಎಷ್ಟು ತಿಂಗಳು ಇಟ್ಟುಕೊಂಡೀತು? ಮಗ್ಗುಲು ಬದಲಿಸುವ ಕೆಲಸ ಮನೆಯವರದ್ದೇ. ಬಡವನಿಗೆ ಅಡ್ಡ ಬರುವುದು ಎಕ್ಸ್‌ರೇ ದುಡ್ಡು, ಜೀಪ್ ಬಾಡಿಗೆ ಮತ್ತು ಸಲಕರಣೆ. ದಾನ ಅಲ್ಲಿಗೆ ಬೀಳಬೇಕು.

ಊರಿಗೊಂದು ಪೆಟ್ಟಿಗೆ

ನನ್ನ ಸಲಹೆ ಇಷ್ಟು. ಹಾಲಿನ ಸೊಸೈಟಿಯಲ್ಲೋ ಯುವಕ ಸಂಘದಲ್ಲೋ ಒಂದು ಪೆಟ್ಟಿಗೆ ಇಡಿ. ಒಂದು ಹಲಗೆ, ಬಾಯಿಪಟ್ಟಿ, ದೊಡ್ಡದು ಚಿಕ್ಕದು ಎರಡು ಗಾಲಿಬಂಡಿ, ಬಿದ್ದ ಹಸುವನ್ನು ಎತ್ತಲು ಅಗಲ ಪಟ್ಟಿ ಮತ್ತು ಚೈನ್ ಪುಲ್ಲಿ. ಬೇಕಾದವರು ಪುಸ್ತಕದಲ್ಲಿ ಬರೆದು ಒಯ್ಯಲಿ, ತೊಳೆದು ಬ್ಲೀಚಿಂಗ್ ನೀರಲ್ಲಿ ಅದ್ದಿ, ಒಣಗಿಸಿ ವಾಪಸ್ ಕೊಡಲಿ. ಕಾಫಿ ಮಾರಿದ ತಿಂಗಳು ಮನೆಗೊಂದಿಷ್ಟು ಹಾಕಿದರೆ ಬಾಡಿಗೆ, ಎಕ್ಸ್‌ರೇಗೆ ಒದಗುತ್ತದೆ.

ಇನ್ನೊಂದು ಮಾತು. ಎಲ್ಲವೂ ಏಳುವುದಿಲ್ಲ. ನೋವೇ ಉಳಿದು, ಊಟ ಬಿಟ್ಟು, ಹುಣ್ಣು ಮಾಯದಿದ್ದರೆ ಡಾಕ್ಟರನ್ನು ಕೇಳಿ ನೋವಿಲ್ಲದೆ ಕಳಿಸುವುದೂ ಕರುಣೆಯೇ. ಆದರೆ ಆ ತೀರ್ಮಾನ ಬೆರಳೊತ್ತಿ ನೋಡಿ, ಕೆಲವು ವಾರ ಆರೈಕೆ ಮಾಡಿದ ಮೇಲೆ ಬರಲಿ. ಬಿದ್ದ ದಿನವೇ ಬೇಡ.