ಬಂದೂಕಿನ ತಂತಿಗೊಂದು ಕವಚ: ಚಿಕ್ಕ ಬಿಡಿಭಾಗ, ದೊಡ್ಡ ತೊಡಕು

ಪರದೆಯತ್ತ ಗುರಿಯಿಟ್ಟು ಗುಂಡು ಹಾರಿಸುವ ವಿಡಿಯೋ ಆಟದ ಯಂತ್ರಗಳು ಒಂದು ಕಾಲಕ್ಕೆ ಆಟದ ಕೇಂದ್ರಗಳ ಮುಖ್ಯ ಆಕರ್ಷಣೆಯಾಗಿದ್ದವು. ಜಪಾನಿನ ಸೆಗಾ ಸಂಸ್ಥೆಯ ‘ವರ್ಚುವಾ ಕಾಪ್’ (1994) ಹಾಗೂ ನಾಮ್ಕೋ ಸಂಸ್ಥೆಯ ‘ಟೈಮ್ ಕ್ರೈಸಿಸ್’ (1995) ಈ ವರ್ಗದ ಪ್ರಸಿದ್ಧ ಯಂತ್ರಗಳು. ಇಂತಹ ಹಳೆಯ ಯಂತ್ರವೊಂದು ಸ್ಥಗಿತಗೊಳ್ಳಲು ಸರ್ಕ್ಯೂಟ್ ಬೋರ್ಡೇ ಕೆಡಬೇಕೆಂದಿಲ್ಲ. ಬಂದೂಕಿನಿಂದ ಪೆಟ್ಟಿಗೆಯವರೆಗೆ ತಂತಿಗಳನ್ನು ಕಾಯುವ ಲೋಹದ ಕೊಳವೆ ಬಿಚ್ಚಿಕೊಂಡರೆ ಸಾಕು. ಯಂತ್ರ ನಿಂತರೂ ಅದು ನಿಂತ ಜಾಗದ ಬಾಡಿಗೆ ನಿಲ್ಲುವುದಿಲ್ಲ.

ಕೊಳವೆಯ ಕಾರ್ಯ

ಕುದುರೆಯ ಸ್ವಿಚ್ಚು, ಬೆಳಕನ್ನು ಗುರುತಿಸುವ ಸಂವೇದಕ ಹಾಗೂ ಹಿಮ್ಮೆಟ್ಟುವ ಬಂದೂಕಾದರೆ ಸೊಲೆನಾಯ್ಡ್, ಇವುಗಳ ತಂತಿಗಳೆಲ್ಲವೂ ಈ ಕೊಳವೆಯೊಳಗೆ ಸಾಗುತ್ತವೆ. ಆಟಗಾರನ ಎಳೆತವನ್ನು ತಾನು ಹೊರುವುದು, ತಂತಿ ಅತಿಯಾಗಿ ಬಾಗದಂತೆ ತಡೆಯುವುದು ಕೊಳವೆಯ ಕೆಲಸ. ಹಿಡಿಕೆಯ ಬುಡ ಮತ್ತು ಪೆಟ್ಟಿಗೆಯ ಪ್ರವೇಶ ಸ್ಥಳಗಳಲ್ಲಿ ಬಾಗುವಿಕೆ ಹೆಚ್ಚಿರುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಸುರುಳಿ ಬಿಚ್ಚಿದ ಉಕ್ಕಿನ ಪಟ್ಟಿಯ ಅಂಚು ಹರಿತವಾಗಿದ್ದು, ಮಕ್ಕಳ ಕೈಗೆ ಅಪಾಯಕಾರಿ.

ಮಾರುಕಟ್ಟೆಯಲ್ಲಿ ಕೇಳುವ ಬಗೆ

‘ಬಂದೂಕಿನ ಕೊಳವೆ’ ಎಂದು ಕೇಳಿದರೆ ಯಾವ ವಿದ್ಯುತ್ ಸಾಮಗ್ರಿ ಅಂಗಡಿಯವರಿಗೂ ಅರ್ಥವಾಗದು. ಉಕ್ಕಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ, ಒಂದರ ಅಂಚಿಗೆ ಮತ್ತೊಂದನ್ನು ಸಿಕ್ಕಿಸಿದ ‘ಇಂಟರ್‌ಲಾಕ್ ಫ್ಲೆಕ್ಸಿಬಲ್ ಕಂಡ್ಯೂಟ್’ ಎಂದು ಕೇಳಬೇಕು. ನಾಣ್ಯ ಹಾಕುವ ಸಾರ್ವಜನಿಕ ದೂರವಾಣಿಗಳ ರಿಸೀವರಿಗೆ ಇದೇ ಜಾತಿಯ ಕವಚವನ್ನು ಬಳಸಲಾಗುತ್ತಿತ್ತು.

ನೋಟಕ್ಕೆ ಹೋಲುವ ಎರಡು ವಸ್ತುಗಳಿಂದ ಮೋಸಹೋಗುವ ಸಂಭವವಿದೆ. ಸ್ನಾನಗೃಹದ ಹ್ಯಾಂಡ್ ಶವರ್ ಕೊಳವೆ ಹೊರನೋಟಕ್ಕೆ ಒಂದೇ ಆದರೂ ಅದನ್ನು ತಯಾರಿಸಿರುವುದು ನೀರಿಗಾಗಿ. ಒಳಗಿನ ನೀರಿನ ನಳಿಕೆ ತಂತಿಯ ಜಾಗವನ್ನು ಆಕ್ರಮಿಸುತ್ತದೆ. ಮೇಜುದೀಪದ ಬಾಗುವ ಕಂಬವಾದರೋ ಬಗ್ಗಿಸಿದಲ್ಲಿಯೇ ನಿಲ್ಲುವಂಥದ್ದು. ಕೈಯಲ್ಲಿ ಹಿಡಿದು ಆಡುವ ಬಂದೂಕಿಗೆ ಅದು ಸಲ್ಲದು.

ಅಳತೆ ಮತ್ತು ಆಯ್ಕೆ

ಕೊಳ್ಳುವ ಮುನ್ನ ಹಳೆಯ ಕೊಳವೆಯ ಒಳವ್ಯಾಸ, ಹೊರವ್ಯಾಸಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಹೊರವ್ಯಾಸ ಹೆಚ್ಚಾದರೆ ಹಿಡಿಕೆಯ ಕ್ಲಾಂಪಿನಲ್ಲಿ ಕೂರದು. ಒಳವ್ಯಾಸ ಕಡಿಮೆಯಾದರೆ ತಂತಿಗಳು ಸಾಗವು. ಇಂಟರ್‌ಲಾಕ್ ಕೊಳವೆ ಎಳೆದಾಗ ಉದ್ದವಾಗಿ, ಒತ್ತಿದಾಗ ಗಿಡ್ಡವಾಗುವುದರಿಂದ ಉದ್ದವನ್ನು ಎಳೆದ ಸ್ಥಿತಿಯಲ್ಲಿಯೇ ಗುರುತು ಮಾಡಿಕೊಳ್ಳುವುದು ಲೇಸು. ಸತು ಲೇಪಿತ ಉಕ್ಕು ಅಗ್ಗ. ಆದರೆ ಕೈ ಬೆವರು ತಾಗುವಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಹೆಚ್ಚು ಬಾಳುತ್ತದೆ. ಪಿವಿಸಿ ಹೊದಿಕೆಯಿದ್ದರೆ ಸುರುಳಿಯ ಸಂದಿಗೆ ಚರ್ಮ, ಕೂದಲು ಸಿಲುಕುವುದಿಲ್ಲ.

ಜೋಡಣೆಯಲ್ಲಿ ಎಚ್ಚರ

ಕನೆಕ್ಟರ್ ಕೊಳವೆಯಲ್ಲಿ ತೂರದಿದ್ದಲ್ಲಿ ಅದರ ಪಿನ್ನುಗಳನ್ನು ಕಳಚಬೇಕಾಗುತ್ತದೆ. ಅದಕ್ಕೆ ಮೊದಲು ತಂತಿಗಳ ಬಣ್ಣ ಮತ್ತು ಕ್ರಮವನ್ನು ಬರೆದಿಟ್ಟುಕೊಳ್ಳುವುದು ಅವಶ್ಯ. ಕತ್ತರಿಸುವ ಜಾಗಕ್ಕೆ ಟೇಪು ಸುತ್ತಿ, ನಯ ಹಲ್ಲಿನ ಗರಗಸದಿಂದ ಕುಯ್ದು, ಅಂಚನ್ನು ಅರದಿಂದ ಉಜ್ಜಿ, ಎರಡೂ ತುದಿಗೆ ಫೆರೂಲ್ ಅಥವಾ ಬುಷ್ ತೊಡಿಸಬೇಕು; ಇಲ್ಲವಾದರೆ ಹೊಸ ಕವಚವೇ ತಂತಿಯ ನಿರೋಧಕವನ್ನು ಕೊಯ್ದುಹಾಕುತ್ತದೆ. ಒಳಗಿನ ತಂತಿ ಕೊಳವೆಗಿಂತ ತುಸು ಉದ್ದವಿರಲಿ. ಆಗ ಎಳೆತವು ಬೆಸುಗೆಯ ಮೇಲೆ ಬೀಳದೆ ಕೊಳವೆಯ ಮೇಲೆ ಬೀಳುತ್ತದೆ. ಲೋಹದ ಕವಚಕ್ಕೆ ಅರ್ಥಿಂಗ್ ಸಂಪರ್ಕ ನೀಡುವುದನ್ನು ಮರೆಯಬಾರದು.

ವ್ಯಾಪಾರದ ದೃಷ್ಟಿಯಿಂದ

ತಯಾರಕರು ಇಡೀ ಸುರುಳಿಯ ಲೆಕ್ಕದಲ್ಲಿ ಮಾರಬಯಸುತ್ತಾರೆ. ದುರಸ್ತಿಗಾರನಿಗೆ ಬೇಕಾದುದು ಕೆಲವೇ ಮೀಟರು. ಈ ಅಂತರದಲ್ಲಿಯೇ ಸಣ್ಣ ವರ್ತಕನ ಅವಕಾಶವಿದೆ. ಸುರುಳಿ ಕೊಂಡು, ಬೇಕಾದ ಉದ್ದಕ್ಕೆ ಕತ್ತರಿಸಿ, ತುದಿಗೆ ಫೆರೂಲ್ ಜೋಡಿಸಿ ನೀಡಿದರೆ ಗ್ರಾಹಕನು ಕೊಳವೆಯ ಬೆಲೆಯ ಜೊತೆಗೆ ಆ ಕೆಲಸದ ಬೆಲೆಯನ್ನೂ ಸಂತೋಷದಿಂದ ಕೊಡುತ್ತಾನೆ. ಆದರೆ ಹಳೆಯ ಆಟದ ಯಂತ್ರಗಳನ್ನಷ್ಟೇ ನೆಚ್ಚಿ ಬಂಡವಾಳ ಹೂಡುವುದು ವಿವೇಕವಲ್ಲ. ಇದೇ ಕೊಳವೆ ಯಂತ್ರೋಪಕರಣಗಳ ವೈರಿಂಗಿಗೂ ಸಲ್ಲುವುದರಿಂದ, ಮಾರಾಟವಾಗದೆ ಉಳಿದ ಸುರುಳಿ ಗೋದಾಮಿನಲ್ಲಿ ಕೊಳೆಯದಂತೆ ಆ ಗ್ರಾಹಕರನ್ನು ಮೊದಲೇ ಕಂಡುಕೊಂಡಿರುವುದು ಕ್ಷೇಮ.