ಬಾಗಿಲಿಲ್ಲದ ಕೆಂಪು ಬಸ್ಸು

ಪ್ರಶ್ನೆ: ಹಳೆಯ ಸಿನಿಮಾಗಳಲ್ಲಿ ಕಾಣುವ, ಹಿಂಬದಿ ಬಾಗಿಲೇ ಇಲ್ಲದ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು ಅಷ್ಟು ವರ್ಷ ಬಾಳಿದ್ದು ಹೇಗೆ?

ಉತ್ತರ: ಅದರ ಹೆಸರು ರೂಟ್‌ಮಾಸ್ಟರ್. ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ತನ್ನ ಬೀದಿಗಳಿಗೆಂದೇ ಇದನ್ನು ರೂಪಿಸಿತು. ಮೊದಲ ಮಾದರಿ 1954ರಲ್ಲಿ ಪ್ರದರ್ಶನಕ್ಕೆ ಬಂತು, 1956ರಲ್ಲಿ ಪ್ರಯಾಣಿಕರನ್ನು ಹೊತ್ತು ಓಡಿತು. 1968ರ ಹೊತ್ತಿಗೆ ಒಟ್ಟು 2,876 ಬಸ್ಸುಗಳು ತಯಾರಾದವು.

ಬಾಳಿಕೆಯ ಗುಟ್ಟು ಅದರ ಮೈಕಟ್ಟಿನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಇದೇ ಸಂಸ್ಥೆ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳ ತಯಾರಿಕೆಯಲ್ಲಿ ಕೈಜೋಡಿಸಿತ್ತು. ಅಲ್ಲಿ ಕಲಿತದ್ದು ಇಲ್ಲಿ ಒದಗಿತು: ಬೇರೆ ಚಾಸಿಯ ಹಂಗಿಲ್ಲದ, ತುಕ್ಕು ಹಿಡಿಯದ ಹಗುರ ಅಲ್ಯೂಮಿನಿಯಂ ಒಡಲು. ಒಂದು ಬಸ್ಸಿನ ಬಿಡಿಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿದ್ದುದರಿಂದ ರಿಪೇರಿಯೂ ಸುಲಭ. ಪವರ್ ಸ್ಟೀರಿಂಗ್ ಕೂಡ ಇತ್ತು. ಆ ಕಾಲದ ಬಸ್ಸಿಗೆ ಇದು ದೊಡ್ಡ ಮಾತು!

ತೆರೆದ ಹಿಂಬದಿಯಿಂದ ಜನ ಸಿಗ್ನಲ್ಲಿನಲ್ಲೂ ಹತ್ತಿ ಇಳಿಯುತ್ತಿದ್ದರು. ಟಿಕೆಟ್ಟಿಗೆ ಕಂಡಕ್ಟರ್ ಇರುತ್ತಿದ್ದ. ಆದರೆ ಗಾಲಿಕುರ್ಚಿಯವರಿಗೆ ಆ ಮೆಟ್ಟಿಲು ಗೋಡೆಯೇ ಸರಿ. ಅವರನ್ನು ನೆನೆದರೆ ಈ ಬಸ್ಸಿನ ನಿವೃತ್ತಿ ನ್ಯಾಯವಾದದ್ದೇ. 2005ರ ಡಿಸೆಂಬರ್ 9ರಂದು, 159ನೇ ಮಾರ್ಗದಲ್ಲಿ ಅದರ ದೈನಂದಿನ ಸೇವೆ ಮುಗಿಯಿತು.