ಗುದ್ದಲಿಯ ಪಕ್ಕದ ಪಿಕಾಸಿ

ಶಾಸಕರು, ಮಂತ್ರಿಗಳು ಮಾಡುವುದು ಗುದ್ದಲಿ ಪೂಜೆ. ರಸ್ತೆಯಿರಲಿ, ಸಮುದಾಯ ಭವನವಿರಲಿ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಫೋಟೋಗೆ ನಿಲ್ಲುವ ಭಾಗ್ಯ ಗುದ್ದಲಿಯದೇ. ‘ಪಿಕಾಸಿ ಪೂಜೆ’ ಎಂದು ಅಚ್ಚಾದ ಆಹ್ವಾನ ಪತ್ರಿಕೆಯನ್ನು ಯಾರೂ ಕಂಡಿರಲಾರರು. ಆದರೆ ಸಕಲೇಶಪುರ, ಆಲೂರು ಕಡೆಯ ಗುಡ್ಡಗಳಲ್ಲಿ ಬೇಸಿಗೆಗೆ ಬಿಗಿದುಕೊಂಡ ಕೆಂಪು ನೆಲಕ್ಕೆ ಮೊದಲ ಏಟು ಹಾಕುವುದು ಪಿಕಾಸಿ. ಅದು ಸಡಿಲಿಸಿಕೊಟ್ಟ ಮಣ್ಣನ್ನು ಎಳೆದುಕೊಳ್ಳಲು ಗುದ್ದಲಿ ಹಿಂದಿನಿಂದ ಬರುತ್ತದೆ.

ಕಾಫಿ ಗಿಡ ನೆಡುವ ಗುಂಡಿಯ ಲೆಕ್ಕ ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಗುಂಡಿ ತೆಗೆದು, ಮಣ್ಣು ಬಿಸಿಲು ಕಂಡ ಬಳಿಕ ಮುಚ್ಚಿ, ಮಳೆಗಾಲ ಹಿಡಿದಾಗ ಗಿಡ ಕೂರಿಸುವುದು ರೂಢಿ. ಮಳೆ ತಡವಾದರೆ ಗುದ್ದಲಿಯ ಬಾಯಿ ಮೊಂಡಾಗುತ್ತದೆಯೇ ಹೊರತು ನೆಲ ಕದಲುವುದಿಲ್ಲ. ಆಗ ಸಾಮಾನು ಕೋಣೆಯಿಂದ ಪಿಕಾಸಿ ಹೊರಗೆ ಬರುತ್ತದೆ. ಒಂದು ತುದಿ ಮೊನೆ, ಇನ್ನೊಂದು ತುದಿ ಉಳಿಯಂಥ ಚಪ್ಪಟೆ ಬಾಯಿ. ಮೊನೆ ಕಲ್ಲಿನ ಸಂದಿಗೆ, ಚಪ್ಪಟೆ ಬಾಯಿ ಬೇರಿಗೆ. ತಲೆಯ ಮೇಲಕ್ಕೆ ಎತ್ತುವುದಷ್ಟೇ ಆಳಿನ ಶ್ರಮ. ಇಳಿಯುವಾಗ ಕಬ್ಬಿಣದ ತೂಕವೇ ಕೆಲಸ ಮಾಡುತ್ತದೆ.

ಈ ಎರಡು ಹತಾರಗಳಲ್ಲಿ ಗುದ್ದಲಿಯದು ಹಳೆಯ ಮನೆತನ. ತಮಿಳು, ಮಲಯಾಳದಲ್ಲಿ ಕುಂದಾಲಿ, ತೆಲುಗಿನಲ್ಲಿ ಗುದ್ದಲಿ. ಸಂಸ್ಕೃತ, ಪಾಲಿಗಳಲ್ಲಿ ಇದೇ ‘ಕುದ್ದಾಲ’. ಸಂಸ್ಕೃತಕ್ಕೆ ಈ ಪದ ಹೋದದ್ದು ದ್ರಾವಿಡ ಭಾಷೆಗಳಿಂದ ಎನ್ನುವ ವಿದ್ವಾಂಸರಿದ್ದಾರೆ. ಬೌದ್ಧ ಜಾತಕಗಳಲ್ಲಿ ‘ಕುದ್ದಾಲ ಜಾತಕ’ ಎಂದೇ ಒಂದು ಕಥೆಯಿದೆ. ಕಾಶಿಯ ಬಳಿ ಸೊಪ್ಪು ತರಕಾರಿ ಬೆಳೆದು ಬದುಕುವವನೊಬ್ಬ ಸಂನ್ಯಾಸಿಯಾಗುತ್ತಾನೆ. ಮನೆಯಲ್ಲಿ ಬಿಟ್ಟುಬಂದ ಮೊಂಡು ಗುದ್ದಲಿ ನೆನಪಾಗಿ ವಾಪಸು ಓಡಿಬರುತ್ತಾನೆ. ಹೀಗೆ ಆರು ಸಲ. ಏಳನೆಯ ಸಲ ಕಣ್ಣು ಮುಚ್ಚಿಕೊಂಡು, ಎಲ್ಲಿ ಬಿತ್ತೆಂದು ತನಗೇ ತಿಳಿಯದಂತೆ ಅದನ್ನು ಹೊಳೆಗೆ ಎಸೆದು ‘ಗೆದ್ದೆ’ ಎಂದು ಕೂಗುತ್ತಾನೆ. ಹೆಂಡತಿ ಮಕ್ಕಳ ಮೋಹ ಬಿಟ್ಟರೂ ಗುದ್ದಲಿಯ ಮೋಹ ಬಿಡದವರು ನಮ್ಮ ಮಲೆನಾಡಿನ ಬೆಳೆಗಾರರಲ್ಲೂ ಕಡಿಮೆಯಿಲ್ಲ.

ಪಿಕಾಸಿಯ ವಂಶಾವಳಿ ಇಲ್ಲಿಯದಲ್ಲ. ಅದು ಇಂಗ್ಲಿಷಿನ ‘ಪಿಕ್ಯಾಕ್ಸ್’. ಇಂದಿನ ಸಕಲೇಶಪುರ ತಾಲ್ಲೂಕಿಗೆ ಮಂಜರಾಬಾದ್ ಎಂಬ ಹೆಸರಿದ್ದ ಕಾಲದಲ್ಲಿ, 1843ರಲ್ಲಿ, ಗ್ರೀನ್ ಎಂಬಾತ ಅದರ ದಕ್ಷಿಣ ಭಾಗದಲ್ಲಿ ಕಾಫಿ ತೋಟ ತೆರೆದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿಯೇ ತೋಟ ಮಾಡಿ, ತನ್ನ ಅನುಭವಗಳನ್ನು 1871ರಲ್ಲಿ, ಮತ್ತೆ 1894ರಲ್ಲಿ ಪುಸ್ತಕ ಮಾಡಿದ. ದೊರೆಗಳ ತೋಟಗಳಲ್ಲಿ ಕನ್ನಡ, ತುಳು, ತಮಿಳು ಆಡುವ ಆಳುಗಳು ಒಟ್ಟಿಗೆ ದುಡಿದರು. ರೈಟರು, ಲೈನ್ ಮನೆ, ಪಲ್ಪರ್ ಮುಂತಾದ ಮಾತುಗಳು ತೋಟದ ಕನ್ನಡಕ್ಕೆ ಸೇರಿದ್ದು ಹೀಗೆ. ಮೇಸ್ತ್ರಿ ಮಾತ್ರ ಇವರಿಗಿಂತ ಹಿರಿಯ. ಪೋರ್ಚುಗೀಸರ ‘ಮೆಸ್ತ್ರೆ’ ಅವನು. ಪಿಕಾಸಿ ಮೊದಲು ಕಾಲಿಟ್ಟದ್ದು ತೋಟಕ್ಕೋ ಘಾಟಿಯ ರಸ್ತೆಗೋ ಎಂದು ಜಗಳವಾಡಬೇಕಾಗಿಲ್ಲ. ಬಿಳಿಯರ ಕಾಲದಲ್ಲಿ ಬೆಟ್ಟ ಕಡಿದ ಕಡೆಯೆಲ್ಲ ಅದು ಇತ್ತು.

ಇಷ್ಟೇ ಆಗಿದ್ದರೆ ಬಸ್ಸು, ಬೆಂಚುಗಳ ಸಾಲಿಗೆ ಇನ್ನೊಂದು ಎರವಲು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇಂಗ್ಲಿಷಿನಲ್ಲೂ ಈ ಪದ ನೆಟ್ಟಗಿಲ್ಲ. ‘ಆ್ಯಕ್ಸ್’ ಎಂದರೆ ಕೊಡಲಿ. ಪಿಕಾಸಿಯಲ್ಲಿ ಕೊಡಲಿ ಎಲ್ಲಿದೆ? ಮರ ಕಡಿಯುವ ಬಾಯಿಯಿಲ್ಲ. ಕಾವು ಕೂರಿಸುವ ಬಗೆಯೂ ಬೇರೆ. ಕೊಡಲಿಯ ಕಣ್ಣಿಗೆ ಕಾವನ್ನು ತೂರಿಸಿ, ತುದಿಗೆ ಬೆಣೆ ಹೊಡೆದು ಬಿಗಿ ಮಾಡಬೇಕು. ಪಿಕಾಸಿಯ ಕಾವು ಮೇಲ್ತುದಿಯಲ್ಲಿ ದಪ್ಪ. ಸಣ್ಣ ತುದಿಯಿಂದ ಕಬ್ಬಿಣವನ್ನು ತೂರಿಸಿ ಮೇಲಕ್ಕೆ ಎಳೆದರೆ ದಪ್ಪದಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಬೀಸಿದಷ್ಟೂ ಬಿಗಿ, ಬೆಣೆಯ ಹಂಗಿಲ್ಲ. ಕೆಲಸ ಮುಗಿದ ಮೇಲೆ ಕಾವನ್ನು ನೆಲಕ್ಕೆ ಕುಟ್ಟಿದರೆ ಕಬ್ಬಿಣ ಕೆಳಗಿಳಿಯುತ್ತದೆ. ಎರಡನ್ನೂ ಬೇರೆ ಮಾಡಿ ಹೆಗಲಿಗೇರಿಸಿ ಹೊರಡಬಹುದು. ಕೊಡಲಿಯಲ್ಲದ್ದಕ್ಕೆ ಕೊಡಲಿಯ ಹೆಸರು ಬಂದದ್ದು ಕಿವಿಯ ದೋಷದಿಂದ. ಹಳೆಯ ಫ್ರೆಂಚಿನಲ್ಲಿ ಇದು ‘ಪಿಕೊಯಿಸ್’ ಎಂಬಂಥ ಪದ. ಅದನ್ನು ತೆಗೆದುಕೊಂಡ ಮಧ್ಯಯುಗದ ಇಂಗ್ಲಿಷರು ‘ಪಿಕಾಸ್’, ‘ಪಿಕೊಯಿಸ್’ ಎಂದೆಲ್ಲ ಬರೆದರು. ಆ ‘ಆಸ್’ ಏನೆಂದು ತಿಳಿಯದೆ, ‘ಓಹೋ, ಆ್ಯಕ್ಸ್ ಇರಬೇಕು’ ಎಂದುಕೊಂಡು ಹದಿನೈದನೆಯ ಶತಮಾನದ ಹೊತ್ತಿಗೆ ತಿದ್ದಿಬಿಟ್ಟರು. ಗೊತ್ತಿಲ್ಲದ ಪದದೊಳಗೆ ಗೊತ್ತಿರುವ ಪದವನ್ನು ಹುಡುಕುವ ಚಟ ಎಲ್ಲ ಜನಕ್ಕೂ ಇದೆ. ಗುದ್ದಲಿ ಎಂದಾಗ ‘ಗುದ್ದು’ ಎಂದು ನಮಗೆ ಕೇಳಿಸುವುದಿಲ್ಲವೇ?

ಆ ತಪ್ಪು ತಿದ್ದುಪಡಿಯನ್ನು ಅಳಿಸಿದ್ದು ನಮ್ಮ ಕಡೆಯ ಆಳುಗಳ ನಾಲಿಗೆ. ಪದದ ಕೊನೆಯ ಒತ್ತಕ್ಷರ ಒಗ್ಗಲಿಲ್ಲ. ಕಕಾರ ಉದುರಿ ಸಕಾರ ಉಳಿಯಿತು. ವ್ಯಂಜನದಲ್ಲಿ ಪದ ನಿಲ್ಲುವುದು ಕನ್ನಡಕ್ಕೆ ಸೇರದು, ಹಾಗಾಗಿ ಒಂದು ಇಕಾರ ಬಂತು. ಪಿಕಾಸಿ ಆಯಿತು. ಘಟ್ಟದ ಕೆಳಗೆ ಉಕಾರ ಸೇರಿ ಪಿಕ್ಕಾಸು. ಇಂಗ್ಲಿಷರು ಕಳೆದುಕೊಂಡ ‘ಪಿಕಾಸ್’ ಎಂಬ ಹಳೆಯ ರೂಪ ಕನ್ನಡದಲ್ಲಿ ಹೆಚ್ಚುಕಡಿಮೆ ಹಾಗೆಯೇ ಮರಳಿ ಬಂತು. ಯಾರೂ ಬಯಸಿ ಮಾಡಿದ್ದಲ್ಲ, ಬರೀ ಆಕಸ್ಮಿಕ. ಆದರೂ ‘ಪಿಕಾಸಿ ಅಲ್ಲ, ಪಿಕ್ಯಾಕ್ಸ್ ಅನ್ನಬೇಕು’ ಎಂದು ತಿದ್ದುವ ಮೇಷ್ಟರುಗಳಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಪಿಕಾಸಿಗೆ ರೈಲ್ವೆಯಲ್ಲೊಬ್ಬ ತಮ್ಮನಿದ್ದಾನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೆ ಇಳಿಯುವ ಸುಮಾರು 55 ಕಿಲೋಮೀಟರ್ ಘಾಟಿ ಮಾರ್ಗದಲ್ಲಿ 57 ಸುರಂಗ, 109 ಸೇತುವೆ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ 1979ರಲ್ಲಿ ತೆರೆಯಿತು. ಹಳಿಯ ಕೆಳಗೆ ಜಲ್ಲಿ ತುಂಬಿ ಬಿಗಿ ಮಾಡಲು ಗ್ಯಾಂಗ್‌ಮನ್‌ಗಳು ಹಿಡಿಯುವುದು ‘ಬೀಟರ್’: ಒಂದು ತುದಿ ಪಿಕಾಸಿಯಂತೆ, ಇನ್ನೊಂದು ತುದಿ ಜಲ್ಲಿ ಬಡಿಯಲು ಅಡ್ಡಪಟ್ಟಿಯಂತೆ.

ಅದೇ 1979ರಲ್ಲಿ ಜೆಸಿಬಿ ಕಂಪನಿಯೂ ಭಾರತಕ್ಕೆ ಬಂತು. ಈಗ ತೋಟದ ರಸ್ತೆ, ಕೆರೆ, ಮನೆಯ ಪಾಯ ಎಲ್ಲಕ್ಕೂ ಅದೇ. ಕಾಫಿ ಸಾಲುಗಳ ನಡುವೆ ನೀರು ಇಂಗಿಸಲು ತೆಗೆಯುವ ತೊಟ್ಟಿಲು ಗುಂಡಿಯಂಥ ಕೆಲಸಕ್ಕೆ ಮಾತ್ರ ಗಿಡ ಮುರಿಯುತ್ತದೆಂದು ಯಂತ್ರವನ್ನು ಬಿಡುವುದಿಲ್ಲ. ಅಲ್ಲಿ ಇನ್ನೂ ಪಿಕಾಸಿ, ಗುದ್ದಲಿಗಳ ಜೋಡಿ. ಜೆಸಿಬಿ ಎಂಬುದು ಕಂಪನಿ ಕಟ್ಟಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲೆಂಡಿನವನ ಹೆಸರಿನ ಮೊದಲಕ್ಷರಗಳು. ಬೇರೆ ಕಂಪನಿಯ ಯಂತ್ರ ಬಂದು ನಿಂತರೂ ನಮ್ಮವರಿಗೆ ಅದು ಜೆಸಿಬಿಯೇ. ಅದನ್ನೂ ನಾಲಿಗೆ ಸುಮ್ಮನೆ ಬಿಟ್ಟಿಲ್ಲ, ‘ಜೇಸಿಪಿ’ ಎನ್ನುವವರು ಆಗಲೇ ಊರಿಗೆ ಅರ್ಧ ಜನ ಇದ್ದಾರೆ.